ಸಂತೆಯಲ್ಲಿ ಮಾರಾಟವಾದ ಹುಡುಗ, ರಾಜ್ಯ ನಡೆಸಿದ ಪೇಶ್ವೆ: ಮಲಿಕ್ ಅಂಬರ್

ಈ ಸಲದ ಸಂಚಿಕೆಗೆ ಇತಿಹಾಸದ ಯಾರಾದರೂ ಒಬ್ಬರ ಬಗ್ಗೆ ಬರೆದು ಕೊಡು ಎಂದು ನಮ್ಮ ಉಪನ್ಯಾಸಕರು ಹೇಳಿದಾಗ ನಾನು ಮಲಿಕ್ ಅಂಬರ್ ಅವರನ್ನು ಆರಿಸಿಕೊಂಡೆ. ಇದಕ್ಕೆ ಎರಡು ಕಾರಣಗಳಿವೆ. ಅವರು ನಮ್ಮ ದಖನ್ನಿನಲ್ಲಿ ಸರ್ಕಾರ ನಡೆಸಿದವರು ಎಂಬುದು ಒಂದು. ಇನ್ನೊಂದನ್ನು ಕೊನೆಗೆ ಹೇಳುತ್ತೇನೆ.

ಅಂಬರ್ ಹುಟ್ಟಿದ್ದು ಸುಮಾರು 1548ರಲ್ಲಿ, ಆಫ್ರಿಕಾದ ಇಥಿಯೋಪಿಯಾದಲ್ಲಿ. ಕೆಂಪು ಸಮುದ್ರದ ಆಚೆ, ಇಂದಿನ ಇಥಿಯೋಪಿಯಾ, ಎರಿಟ್ರಿಯಾ, ಸೊಮಾಲಿಯಾ ಇರುವ ಭಾಗದಿಂದ ಬಂದವರನ್ನು ಆಗ ನಮ್ಮಲ್ಲಿ ಹಬ್ಶಿಗಳು ಎಂದು ಕರೆಯುತ್ತಿದ್ದರು. ಅಂಬರ್ ಅವರ ಮೊದಲ ಹೆಸರು ಚಾಪು. ಇನ್ನೂ ಸಣ್ಣವನಿದ್ದಾಗಲೇ ಆ ಹುಡುಗ ಗುಲಾಮರ ವ್ಯಾಪಾರಿಗಳ ಕೈ ಸೇರಿದ. ಮೋಚಾ ಬಂದರಿನಲ್ಲಿ ಒಮ್ಮೆ ಮಾರಾಟವಾದ, ಬಾಗ್ದಾದಿನಲ್ಲಿ ಮತ್ತೊಮ್ಮೆ. ಬಾಗ್ದಾದಿನ ಯಜಮಾನ ಮೀರ್ ಕಾಸಿಂ ಆ ಹುಡುಗನ ಚುರುಕುತನ ನೋಡಿ ಓದು ಬರಹ ಕಲಿಸಿದ. ಅಲ್ಲಿಯೇ ಹುಡುಗ ಇಸ್ಲಾಂ ಸ್ವೀಕರಿಸಿದ, ಅಲ್ಲಿಯೇ ಅಂಬರ್ ಎಂಬ ಹೆಸರೂ ಬಂತು.

1570ರ ದಶಕದ ಆರಂಭದಲ್ಲಿ ಅವರನ್ನು ದಖನ್ನಿಗೆ ತಂದು ಮತ್ತೆ ಮಾರಿದರು. ನಮ್ಮ ಹಾವೇರಿ ಜಿಲ್ಲೆಯ ಬಂಕಾಪುರ ಕೋಟೆ ಬಿಜಾಪುರದ ಆದಿಲ್ ಶಾಹಿಗಳ ಕೈಗೆ ಹೋದದ್ದೂ ಅದೇ ದಶಕದಲ್ಲಿ. ಈ ಸಲ ಕೊಂಡವನು ಅಹ್ಮದ್‌ನಗರದ ನಿಜಾಮ್ ಶಾಹಿ ರಾಜ್ಯದ ಪೇಶ್ವೆ, ಅಂದರೆ ಮುಖ್ಯಮಂತ್ರಿ, ಚಂಗೀಜ್ ಖಾನ್. ಆತನೂ ಒಂದು ಕಾಲಕ್ಕೆ ಗುಲಾಮನಾಗಿದ್ದ ಹಬ್ಶಿಯೇ. ಆತನ ಬಳಿ ಸುಮಾರು 1,000 ಹಬ್ಶಿಗಳಿದ್ದರು. ದಖನ್ನಿನ ರಾಜ್ಯಗಳಲ್ಲಿ ಹೀಗೆ ಕೊಂಡು ತಂದವರಿಗೆ ಕುದುರೆ ಸವಾರಿ, ಕತ್ತಿವರಸೆ, ಲೆಕ್ಕಪತ್ರ ಕಲಿಸುತ್ತಿದ್ದರು. ಯಜಮಾನ ಸತ್ತ ಮೇಲೆ ಅವರು ಸ್ವತಂತ್ರರಾಗಿ ಸೈನ್ಯದಲ್ಲೋ ದರ್ಬಾರಿನಲ್ಲೋ ಮೇಲೇರುವುದು ಅಪರೂಪವೇನಲ್ಲ. ಬಿಜಾಪುರದಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾ ಬಾಲಕನಾಗಿದ್ದಾಗ ಹಲವು ವರ್ಷ ರಾಜ್ಯ ನೋಡಿಕೊಂಡ ದಿಲಾವರ್ ಖಾನ್ ಕೂಡ ಹಬ್ಶಿ.

ಚಂಗೀಜ್ ಖಾನ್ ತೀರಿಕೊಂಡ ಮೇಲೆ ಅವನ ಹೆಂಡತಿ ಅಂಬರ್ ಅವರನ್ನು ಬಿಡುಗಡೆ ಮಾಡಿದಳು. ಮುಂದೆ ಅವರು ಬಿಜಾಪುರಕ್ಕೆ ಬಂದು ಸುಲ್ತಾನನ ಸೈನ್ಯದಲ್ಲಿ ದುಡಿದರು. 1595ರ ಸುಮಾರಿಗೆ, ತಮ್ಮನ್ನೇ ನಂಬಿದ ಸುಮಾರು 150 ಸವಾರರೊಂದಿಗೆ ಅಹ್ಮದ್‌ನಗರಕ್ಕೆ ಮರಳಿದರು. ಮೊಗಲರ ದೊಡ್ಡ ಸೈನ್ಯ ಆಗ ದಖನ್ನಿನ ಮೇಲೆ ಬಂದಿತ್ತು. ಅಹ್ಮದ್‌ನಗರದ ಕೋಟೆಯನ್ನು ಕಾಯ್ದ ಚಾಂದ್ ಬೀಬಿ 1600ರಲ್ಲಿ ಕೊಲೆಯಾದಳು, ಕೋಟೆಯೂ ಬಿತ್ತು. ಆ ರಾಜ್ಯದ ಕಥೆ ಮುಗಿಯಿತು ಎಂದೇ ಎಲ್ಲರೂ ತಿಳಿದರು.

ಆದರೆ ಅಂಬರ್ ಅದೇ ವರ್ಷ ಪರಾಂಡಾ ಕೋಟೆಯಲ್ಲಿ ರಾಜಮನೆತನದ ಒಬ್ಬ ಯುವಕನನ್ನು ಎರಡನೇ ಮುರ್ತಜಾ ನಿಜಾಮ್ ಶಾ ಎಂಬ ಹೆಸರಿನಲ್ಲಿ ಪಟ್ಟಕ್ಕೆ ಕೂರಿಸಿದರು. ತಮ್ಮ ಮಗಳನ್ನು ಅವನಿಗೆ ಮದುವೆ ಮಾಡಿಕೊಟ್ಟರು. ತಾವು ಪೇಶ್ವೆಯಾದರು. ಮುಂದಿನ 26 ವರ್ಷ ಆ ರಾಜ್ಯದ ನಿಜವಾದ ಆಡಳಿತ ಅವರ ಕೈಯಲ್ಲಿತ್ತು. ಮೊಗಲರ ಅಷ್ಟು ದೊಡ್ಡ ಸೈನ್ಯವನ್ನು ಬಯಲಿನಲ್ಲಿ ಎದುರಿಸುವುದು ಆಗದ ಮಾತು. ಅದಕ್ಕೇ ಅವರು ಹಗುರ ಕುದುರೆಗಳ ಸಣ್ಣ ಸಣ್ಣ ತಂಡ ಮಾಡಿ, ಬೆಟ್ಟದ ದಾರಿಗಳಲ್ಲಿ ಶತ್ರುವಿನ ದವಸಧಾನ್ಯ ತಡೆದು, ರಾತ್ರಿ ದಾಳಿ ಮಾಡಿ ಓಡುವ ಯುದ್ಧ ನಡೆಸಿದರು. ಅವರ ದಂಡಿನಲ್ಲಿ ಹಬ್ಶಿಗಳಿಗಿಂತ ದಖನ್ನಿನವರೇ ಹೆಚ್ಚು. 1610ರ ಸುಮಾರಿಗೆ ಇಂಗ್ಲಿಷ್ ವ್ಯಾಪಾರಿ ವಿಲಿಯಂ ಫಿಂಚ್ ಬರೆದಿಟ್ಟ ಲೆಕ್ಕದಲ್ಲಿ ಹಬ್ಶಿಗಳು 10,000, ದಖನ್ನಿನವರು 40,000. ಮರಾಠ ಸರದಾರರು ಅವರಲ್ಲಿ ದೊಡ್ಡ ಭಾಗ. ಶಿವಾಜಿ ಮಹಾರಾಜರ ಅಜ್ಜ ಮಾಲೋಜಿ, ತಂದೆ ಶಹಾಜಿ ಇಬ್ಬರೂ ನಿಜಾಮ್ ಶಾಹಿಯಲ್ಲಿ ಅಂಬರ್ ಕಾಲದಲ್ಲಿ ಸೇವೆ ಮಾಡಿದವರು. ಇದೇ ಶಹಾಜಿಗೆ ಮುಂದೆ ಬಿಜಾಪುರದಿಂದ ಬೆಂಗಳೂರಿನ ಜಾಗೀರು ಸಿಕ್ಕಿತು.

ಯುದ್ಧದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಅವರು ಮಾಡಿದ ಬೇರೆ ಎರಡು ಕೆಲಸ.

ಮೊದಲನೆಯದು ಹೊಲದ ತೆರಿಗೆ. ನಮ್ಮೂರು ಐರಣಿ ತುಂಗಭದ್ರೆಯ ದಂಡೆಯ ಮೇಲಿದೆ. ಉತಾರದಲ್ಲಿ ಒಂದು ಅಕ್ಷರ ತಪ್ಪಿದರೂ ರೈತ ಎಷ್ಟು ಸಲ ರಾಣೆಬೆನ್ನೂರಿಗೆ ಅಲೆಯಬೇಕು ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅಂಬರ್ ಬರುವ ಮುಂಚೆ ಎಷ್ಟೋ ಕಡೆ ತೆರಿಗೆ ಎತ್ತುವ ಹಕ್ಕನ್ನು ಗುತ್ತಿಗೆಗೆ ಕೊಡುತ್ತಿದ್ದರು. ಗುತ್ತಿಗೆ ಹಿಡಿದವನು ರೈತನನ್ನು ಹಿಂಡಿದಷ್ಟೂ ಅವನಿಗೆ ಲಾಭ. ಅಂಬರ್ ಆ ಪದ್ಧತಿ ತೆಗೆದುಹಾಕಿದರು. ಹೊಲಗಳ ಫಲವತ್ತತೆ ನೋಡಿ ವಿಂಗಡಿಸಿದರು. ಆ ವರ್ಷ ನಿಜವಾಗಿ ಬೆಳೆದದ್ದರ ಮೇಲೆ ಸರ್ಕಾರದ ಪಾಲು ಗೊತ್ತು ಮಾಡಿದರು: ಧಾನ್ಯದಲ್ಲಾದರೆ ಐದರಲ್ಲಿ ಎರಡು ಪಾಲು, ಹಣದಲ್ಲಾದರೆ ಸುಮಾರು ಮೂರರಲ್ಲಿ ಒಂದು. ಊರಿನ ಪಾಟೀಲ, ಕುಲಕರ್ಣಿಗಳ ಹಳೆಯ ಅಧಿಕಾರ ಗಟ್ಟಿಯಾಯಿತು. ಲೆಕ್ಕ ಇಡುವವರು ಹೆಚ್ಚಾಗಿ ಬ್ರಾಹ್ಮಣರು, ಮೇಲೆ ನೋಡಿಕೊಳ್ಳುವವರು ಮುಸಲ್ಮಾನ ಅಧಿಕಾರಿಗಳು. ಇಂದಿನ ಲೆಕ್ಕಕ್ಕೆ ಆ ಪಾಲು ಕಡಿಮೆಯಲ್ಲ. ಆದರೂ ಬೆಳೆ ಕೈಕೊಟ್ಟ ವರ್ಷ ತೆರಿಗೆಯೂ ಇಳಿಯುತ್ತದೆ ಎಂಬ ಭರವಸೆ ರೈತನಿಗೆ ಎಷ್ಟು ದೊಡ್ಡದು!

ಎರಡನೆಯದು ನೀರು. 1610ರಲ್ಲಿ ಖಡಕಿ ಎಂಬ ಹಳ್ಳಿಯ ಜಾಗದಲ್ಲಿ ಅವರು ಹೊಸ ರಾಜಧಾನಿ ಕಟ್ಟಿದರು. ಕೆಲವೇ ವರ್ಷಗಳಲ್ಲಿ ಮೊಗಲರು ಅದನ್ನು ಹಾಳು ಮಾಡಿದರು, ಅವರು ಮತ್ತೆ ಕಟ್ಟಿದರು. ಬೆಟ್ಟದ ಕಡೆಯಿಂದ ನೆಲದೊಳಗೆ ಕಾಲುವೆ ತೋಡಿಸಿ, ಬರೀ ಇಳಿಜಾರಿನ ಬಲದಿಂದ ಊರಿಗೆ ನೀರು ತಂದರು. ಬೀದರಿನ ಕರೇಜ್, ಬಿಜಾಪುರದ ಸುರಂಗ ಬಾವಿ ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನಹರ್-ಎ-ಅಂಬರಿ ಎಂಬ ಆ ಕಾಲುವೆ ಅವರು ಹೋದ ಮೇಲೂ ನೂರಾರು ವರ್ಷ ಜನರಿಗೆ ನೀರು ಕೊಟ್ಟಿತು.

ಅವರ ಬಾಳಿನಲ್ಲಿ ಕಪ್ಪು ಪುಟಗಳೂ ಇವೆ. ಅರಮನೆಯಲ್ಲಿ ಸುಲ್ತಾನನ ಹಿರಿಯ ಹೆಂಡತಿ ಅಂಬರ್ ಅವರ ಮಗಳನ್ನು ಗುಲಾಮಳೆಂದು ಹೀಯಾಳಿಸಿದಳಂತೆ. ಅದಾದ ಮೇಲೆ 1610ರಲ್ಲಿ ಆ ರಾಣಿಯೂ ಸುಲ್ತಾನನೂ ವಿಷದಿಂದ ಸತ್ತರು, ಅದನ್ನು ಮಾಡಿಸಿದ್ದು ಅಂಬರ್ ಎಂದು ಡಚ್ ವ್ಯಾಪಾರಿ ವಾನ್ ಡೆನ್ ಬ್ರೂಕ್ ಬರೆದಿದ್ದಾನೆ. ಅಂಬರ್ ಅವರನ್ನು ಕಣ್ಣಾರೆ ಕಂಡಿದ್ದ ಇದೇ ವ್ಯಾಪಾರಿ, ಅವರ ಸೀಮೆಯಲ್ಲಿ ಚಿನ್ನ ಇಟ್ಟುಕೊಂಡು ಹೋದರೂ ಕಳ್ಳರ ಭಯವಿಲ್ಲ ಎಂಬ ಅರ್ಥದಲ್ಲೂ ಬರೆದಿದ್ದಾನೆ. ಎರಡನ್ನೂ ಓದಿಯೇ ನಾವು ಅವರನ್ನು ಅಳೆಯಬೇಕು.

1624ರಲ್ಲಿ ಮೊಗಲರೂ ಬಿಜಾಪುರದವರೂ ಒಂದಾಗಿ ಬಂದರು. ಅಹ್ಮದ್‌ನಗರದ ಹತ್ತಿರದ ಭಾತವಡಿಯಲ್ಲಿ ಅಂಬರ್ ಕೆರೆಯ ಒಡ್ಡು ಒಡೆಸಿ ಶತ್ರುಗಳ ಬೀಡನ್ನೆಲ್ಲ ಕೆಸರು ಮಾಡಿದರು. ಆಗ ಅವರಿಗೆ ಸುಮಾರು 76 ವರ್ಷ. ಗೆದ್ದ ಮೇಲೆ ಬಿಜಾಪುರದ ತನಕ ಹೋಗಿ, ಇಬ್ರಾಹಿಂ ಆದಿಲ್ ಶಾ ಆಸೆಯಿಂದ ಕಟ್ಟಿಸುತ್ತಿದ್ದ ನವರಸಪುರವನ್ನು ಹಾಳುಗೆಡವಿದರು. ಊರು ಕಟ್ಟುವ ಕಷ್ಟ ಬಲ್ಲವರೇ ಇನ್ನೊಬ್ಬರ ಊರು ಕೆಡವಿದ್ದು ಓದಿ ನನಗೆ ಬೇಸರವಾಯಿತು.

ಅವರು 1626ರಲ್ಲಿ ತೀರಿಕೊಂಡರು. ಹತ್ತು ವರ್ಷದಲ್ಲಿ, 1636ಕ್ಕೆ, ನಿಜಾಮ್ ಶಾಹಿ ಕೊನೆಯಾಯಿತು. ಬದುಕಿರುವ ತನಕ ಅವರನ್ನು ಪೂರ್ತಿಯಾಗಿ ಸೋಲಿಸಲಾಗದ ಜಹಾಂಗೀರ್ ಬಾದಶಹ, ಅಂಬರ್ ಅವರ ಕಡಿದ ತಲೆಗೆ ತಾನು ಬಾಣ ಬಿಡುವಂತೆ ಚಿತ್ರ ಬರೆಸಿಕೊಂಡಿದ್ದ. ಜಹಾಂಗೀರನ ಮೊಮ್ಮಗ ಔರಂಗಜೇಬ್‌ನ ಹೆಸರು ಅಂಬರ್ ಕಟ್ಟಿದ ಊರಿಗೆ ಬಂದು ಅದು ಔರಂಗಾಬಾದ್ ಆಯಿತು; ಈಗ ಛತ್ರಪತಿ ಸಂಭಾಜಿನಗರ. ಊರಿನ ಹೆಸರು ಹೀಗೆ ಬದಲಾಗುತ್ತ ಬಂತು. ಆದರೆ ಖುಲ್ದಾಬಾದಿನಲ್ಲಿ ಅಂಬರ್ ಅವರ ಗೋರಿಯೂ ಔರಂಗಜೇಬನ ಗೋರಿಯೂ ಒಂದೇ ಊರಿನ ಮಣ್ಣಿನಲ್ಲಿವೆ.

ಇನ್ನು ನನ್ನ ಎರಡನೇ ಕಾರಣ. ನನ್ನ ಗೆಳತಿಯೊಬ್ಬಳು ಮುಂಡಗೋಡ ಕಡೆಯ ಸಿದ್ದಿ ಹುಡುಗಿ. ಮುಂಡಗೋಡ, ಯಲ್ಲಾಪುರ, ಹಳಿಯಾಳದ ಸಿದ್ದಿಗಳಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ. ಆಫ್ರಿಕಾದಿಂದ ತಂದವರ ಮಕ್ಕಳು ಮೊಮ್ಮಕ್ಕಳಾಗಿ ಅವರು ಶತಮಾನಗಳಿಂದ ಇಲ್ಲಿಯವರೇ. ಅವಳು ನನಗಿಂತ ಚೆನ್ನಾಗಿ ಕನ್ನಡ ಮಾತಾಡುತ್ತಾಳೆ. ಆದರೂ ಬಸ್ಸಿನಲ್ಲಿ ಯಾರಾದರೂ ಒಬ್ಬರು ನಿಮ್ಮದು ಯಾವ ದೇಶ ಎಂದು ಕೇಳದೆ ಬಿಡುವುದಿಲ್ಲ. 2003ರಲ್ಲಿ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ನಮ್ಮ ವಿಧಾನ ಪರಿಷತ್ತಿನ ಸದಸ್ಯರಾದರು. ಅದನ್ನು ಕೇಳಿ ಎಷ್ಟೋ ಜನ ಆಶ್ಚರ್ಯಪಟ್ಟರು. ನಾಲ್ಕು ನೂರು ವರ್ಷ ಹಿಂದೆಯೇ ಆಫ್ರಿಕಾದಿಂದ ಬಂದ ಒಬ್ಬರು ಈ ದಖನ್ನಿನ ಹೊಲ ಅಳೆದು, ಊರಿಗೆ ನೀರು ತಂದು ಸರ್ಕಾರ ನಡೆಸಿದ್ದರು ಎಂಬುದು ಗೊತ್ತಿದ್ದರೆ ಅಷ್ಟು ಆಶ್ಚರ್ಯ ಆಗುತ್ತಿರಲಿಲ್ಲ.

ಗೆಳೆಯ ಗೆಳತಿಯರೇ, ಇನ್ನು ಮುಂದೆ ಬಸ್ಸಿನಲ್ಲಿ ಆ ಪ್ರಶ್ನೆ ಕಿವಿಗೆ ಬಿದ್ದರೆ ಸುಮ್ಮನಿರಬೇಡಿ. ಉತ್ತರ ಈಗ ನಿಮಗೂ ಗೊತ್ತು.

– ದ್ವಿತೀಯ ಪಿಯುಸಿ, ಕಲಾ ವಿಭಾಗದ ವಿದ್ಯಾರ್ಥಿನಿ, ಐರಣಿ