ಗುಲಾಮರ ಸೇನಾನಿ ತೂಸೆಂ ಲೂವೆರ್ತೂರ್

ಕಾಫಿಯ ಬಟ್ಟಲಿಗೆ ಸಕ್ಕರೆ ಬೆರೆಸುವಾಗ ಅದನ್ನು ಬೆಳೆದ ಕೈಗಳನ್ನು ನಾವು ನೆನೆಯುವುದು ವಿರಳ. ಹದಿನೆಂಟನೆಯ ಶತಮಾನದ ಯುರೋಪಿನ ಶ್ರೀಮಂತರೂ ನೆನೆಯಲಿಲ್ಲ. ಅವರು ಕುಡಿಯುತ್ತಿದ್ದ ಕಾಫಿಯಲ್ಲಿ ಅರ್ಧಕ್ಕೂ ಮಿಕ್ಕ ಪಾಲು ಕೆರಿಬಿಯನ್ ಸಮುದ್ರದ ಒಂದೇ ಫ್ರೆಂಚ್ ವಸಾಹತಿನಿಂದ ಬರುತ್ತಿತ್ತು. ಸಕ್ಕರೆಯೂ ಬಹುವಾಗಿ ಅಲ್ಲಿಯದೇ. ಅಂದಿನ ಸೇಂಟ್ ಡೊಮಿಂಗ್ ಎಂಬ ಆ ನಾಡೇ ಇಂದಿನ ಹೈಟಿ. ಆಫ್ರಿಕದಿಂದ ತಂದ ಸುಮಾರು 5 ಲಕ್ಷ ಗುಲಾಮರು ಅಲ್ಲಿ ಚಾಟಿಯೇಟಿನ ಕೆಳಗೆ ದುಡಿಯುತ್ತಿದ್ದರು. ಹುಟ್ಟುವವರಿಗಿಂತ ಸಾಯುವವರೇ ಹೆಚ್ಚು. ಆ ಕೊರತೆಯನ್ನು ತುಂಬಲು ಹಡಗುಗಳು ಹೊಸ ಗುಲಾಮರನ್ನು ತರುತ್ತಿದ್ದವು.

ಅಂತಹ ನಾಡಿನ ಬ್ರೆಡಾ ಎಂಬ ತೋಟದಲ್ಲಿ, 1743ರ ಸುಮಾರಿಗೆ, ತೂಸೆಂ ಗುಲಾಮನಾಗಿಯೇ ಜನಿಸಿದನು. ಮೊದಲು ದನಕುದುರೆಗಳನ್ನು ನೋಡಿಕೊಂಡು, ಮುಂದೆ ಮೇಲ್ವಿಚಾರಕನ ಸಾರೋಟಿನ ಚಾಲಕನಾದನು. ಗುಲಾಮರಿಗೆ ದುರ್ಲಭವಾಗಿದ್ದ ಅಕ್ಷರವಿದ್ಯೆಯನ್ನೂ ಸಂಪಾದಿಸಿದನು. ಆದರೆ ಸೇನಾಪತಿಯಾದ ಮೇಲೂ ಆತನ ಕಾಗುಣಿತ ನೆಟ್ಟಗಿರಲಿಲ್ಲ. ಪತ್ರಗಳನ್ನು ಗುಮಾಸ್ತರಿಗೆ ಹೇಳಿ ಬರೆಯಿಸುತ್ತಿದ್ದನು. ಹಗಲು ಹೋಟೆಲಿನಲ್ಲಿ ದುಡಿದು ಇರುಳಲ್ಲಿ ಶಾಲೆಗೆ ಹೋದ ನಮ್ಮ ಬಂಧುಗಳಿಗೆ ಅಂತಹ ವಿದ್ಯೆಯ ಬೆಲೆಯನ್ನು ನಾವು ಹೇಳಬೇಕಾಗಿಲ್ಲ.

1776ರ ವೇಳೆಗಾಗಲೇ ಆತನಿಗೆ ಬಿಡುಗಡೆ ದೊರೆತಿತ್ತು. ಆಮೇಲೆ ಆತನು ಒಂದು ಕಾಫಿ ತೋಟವನ್ನು ಅಲ್ಲಿನ ಗುಲಾಮರ ಸಹಿತ ಗುತ್ತಿಗೆಗೆ ಹಿಡಿದಿದ್ದನೆಂಬುದನ್ನು ನಾವು ಮರೆಮಾಚಬಾರದು. ತನ್ನೊಬ್ಬನ ಬಿಡುಗಡೆಯಿಂದ ತೃಪ್ತನಾಗಿ ಉಳಿದಿದ್ದರೆ ಇಂದು ಆತನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

1791ರ ಆಗಸ್ಟ್ 22ರ ರಾತ್ರಿ ಉತ್ತರದ ಬಯಲಿನ ಗುಲಾಮರು ಬಂಡೆದ್ದರು. ಕೆಲವೇ ವಾರಗಳಲ್ಲಿ ನೂರಾರು ತೋಟಗಳು ಬೂದಿಯಾದವು. ಐವತ್ತರ ಅಂಚಿನಲ್ಲಿದ್ದ ತೂಸೆಂ, ತನ್ನ ಹಳೆಯ ಮೇಲ್ವಿಚಾರಕನ ಪತ್ನಿಯನ್ನು ಸುರಕ್ಷಿತ ಸ್ಥಳಕ್ಕೆ ಕಳುಹಿಸಿಕೊಟ್ಟು, ಬಂಡಾಯಗಾರರನ್ನು ಕೂಡಿಕೊಂಡನು. ಗಿಡಮೂಲಿಕೆಗಳನ್ನು ಬಲ್ಲವನಾದುದರಿಂದ ಮೊದಲು ಗಾಯಾಳುಗಳ ಶುಶ್ರೂಷೆ. ಬಳಿಕ ಸೈನ್ಯದ ಶಿಕ್ಷಣ. 1793ರಲ್ಲಿ, ತೆರೆದ ದಾರಿ ಎಂಬ ಅರ್ಥ ಬರುವ ಲೂವೆರ್ತೂರ್ ಎಂಬ ಹೆಸರನ್ನು ಧರಿಸಿದನು. ಮೊದಲು ಸ್ಪೇನಿನವರ ಪಕ್ಷದಲ್ಲಿ ನಿಂತು ಕಾದಿದನಾದರೂ, ಫ್ರೆಂಚ್ ಗಣರಾಜ್ಯವು 1794ರ ಫೆಬ್ರವರಿಯಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸಿದ ಬಳಿಕ ಫ್ರೆಂಚರನ್ನು ಸೇರಿದನು. ವಸಾಹತಿಗೆ ನುಗ್ಗಿದ್ದ ಬ್ರಿಟಿಷ್ ಸೈನ್ಯವು ಆತನ ಸೇನೆಯನ್ನು ಎದುರಿಸಲಾರದೆ, ರೋಗದಿಂದಲೂ ನವೆದು, 1798ರಲ್ಲಿ ಹಿಂದೆಗೆಯಿತು.

1801ರ ಸಂವಿಧಾನವು ಗುಲಾಮಗಿರಿಯನ್ನು ಶಾಶ್ವತವಾಗಿ ನಿಷೇಧಿಸಿತು. ತೂಸೆಂನನ್ನು ಆಜೀವ ರಾಜ್ಯಪಾಲನನ್ನಾಗಿಯೂ ಮಾಡಿತು. ಆದರೆ ಕುಸಿದ ಬೆಳೆಯನ್ನು ಎತ್ತಿಹಿಡಿಯಲು ಆತನು ಸ್ವತಂತ್ರರಾದ ಕೂಲಿಗಳನ್ನು ಸೈನಿಕರ ಕಾವಲಿನಲ್ಲಿ ಹಳೆಯ ತೋಟಗಳಿಗೇ ಕಟ್ಟಿಹಾಕಿದನು. ಅದೇ ವರ್ಷ ಕೂಲಿಗಳು ದಂಗೆಯೆದ್ದಾಗ, ಸೋದರಳಿಯನೆಂದು ಎಣಿಸಿದ್ದ ಸೇನಾನಿ ಮೋಯೀಸನನ್ನೇ ಗುಂಡಿಕ್ಕಿಸಿದನು. ಇದು ಆತನ ಚರಿತ್ರೆಯ ಕಪ್ಪುಚುಕ್ಕೆ. ತನ್ನ ಬಲವೆಲ್ಲ ಆ ಜನರೇ ಎಂಬುದನ್ನು ಆತನು ಮರೆತನೆಂದು ನಾವು ಭಾವಿಸುತ್ತೇವೆ.

1802ರ ಆರಂಭದಲ್ಲಿ ನೆಪೋಲಿಯನ್ ಕಳುಹಿಸಿದ ಭಾರಿ ಸೈನ್ಯವು ಬಂದಿಳಿಯಿತು. ತೂಸೆಂನ ಸೇನಾನಿಗಳು ಒಬ್ಬೊಬ್ಬರಾಗಿ ಶತ್ರುಪಕ್ಷವನ್ನು ಸೇರಿದರು. ಮೇ ತಿಂಗಳಲ್ಲಿ ಆತನೂ ಶರಣಾದನು. ಜೂನ್ 7ರಂದು ಮಾತುಕತೆಗೆಂದು ಕರೆಯಿಸಿ ಮೋಸದಿಂದ ಸೆರೆಹಿಡಿದರು. ಹಡಗಿನಲ್ಲಿ ಫ್ರಾನ್ಸಿಗೊಯ್ದು, ಜೂರಾ ಪರ್ವತದ ಚಳಿಯ ಫೋರ್ ದ ಜೂ ಕೋಟೆಯಲ್ಲಿ ಇರಿಸಿದರು. ಅಲ್ಲಿಂದ ಆತನು ತನ್ನ ತಪ್ಪಿದ ಕಾಗುಣಿತದಲ್ಲೇ ನೆಪೋಲಿಯನ್ನನಿಗೆ ಬಿನ್ನಹ ಬರೆದು ನ್ಯಾಯವಿಚಾರಣೆಯನ್ನು ಬೇಡಿದನು. ವಿಚಾರಣೆ ನಡೆಯಲಿಲ್ಲ; ಕಾಗದ, ಲೇಖನಿಗಳನ್ನೂ ಕಸಿದುಕೊಂಡರು. 1803ರ ಏಪ್ರಿಲ್ 7ರಂದು ಆತನು ಸೆರೆಯಲ್ಲೇ ಅಸುನೀಗಿದನು.

ನಾಯಕನಿಲ್ಲದೆ ಜನರು ಬಾಗುವರೆಂದು ಫ್ರೆಂಚರು ಎಣಿಸಿದ್ದರು. ಆದರೆ ನೆರೆಯ ಗ್ವಾಡೆಲೂಪಿನಲ್ಲಿ ಗುಲಾಮಗಿರಿ ಮರಳಿದ ಸುದ್ದಿ ಕಿವಿಗೆ ಬಿದ್ದೊಡನೆ, ತೂಸೆಂ ತೋಟಗಳಿಗೆ ಕಟ್ಟಿದ್ದ ಅದೇ ಕೂಲಿಗಳು ಬೆಟ್ಟವೇರಿ ಕಾದಿದರು. ದೆಸಾಲೀನನ ನೇತೃತ್ವದಲ್ಲಿ 1803ರ ನವೆಂಬರ್ 18ರಂದು ವೆರ್ತಿಯೇರ್ ಕದನವನ್ನು ಗೆದ್ದು, 1804ರ ಜನವರಿ 1ರಂದು ಹೈಟಿ ಸ್ವತಂತ್ರವೆಂದು ಸಾರಿದರು. ಆ ಬಿಡುಗಡೆಗೂ ದಂಡ ತಪ್ಪಲಿಲ್ಲ. ಹಳೆಯ ಒಡೆಯರ ನಷ್ಟಭರ್ತಿಗೆಂದು 1825ರಲ್ಲಿ ಫ್ರಾನ್ಸ್ 15 ಕೋಟಿ ಫ್ರಾಂಕುಗಳನ್ನು ಕೇಳಿತು. ಮುಂದೆ ಅದು 9 ಕೋಟಿಗೆ ಇಳಿಯಿತಾದರೂ, ಅದರ ಸಲುವಾಗಿ ಹುಟ್ಟಿದ ಸಾಲ 1947ರವರೆಗೂ ಆ ಬಡ ನಾಡನ್ನು ಹಿಂಡಿತು.

ತೂಸೆಂ ದಾರಿಯನ್ನು ತೆರೆದನು. ನಡುವೆ ತಾನೇ ಎಡವಿದನು. ಕೊನೆಯವರೆಗೆ ಆ ದಾರಿಯನ್ನು ನಡೆದು ಮುಗಿಸಿದವರು ಹೆಸರಿಲ್ಲದ ಕೂಲಿಕಾರರು. ಆತನನ್ನು ಸ್ಮರಿಸುವಾಗ ನಾವು ಅವರಿಗೂ ತಲೆಬಾಗಬೇಕು.