ನಾಡನ್ನಳೆದ ಕರ್ನಲ್ ಮೆಕೆಂಜಿ

ಹರಿಹರದ ಸೇತುವೆಯನ್ನು ಕ್ಷಣಾರ್ಧದಲ್ಲಿ ದಾಟುವ ಇಂದಿನ ವಿದ್ಯಾರ್ಥಿಗೆ, 1800ರಲ್ಲಿ ಅಲ್ಲಿನ ತುಂಗಭದ್ರೆಯೇ ಮೈಸೂರು ಸೀಮೆಯ ಎಲ್ಲೆಯಾಗಿದ್ದಿತೆಂದರೆ ಸೋಜಿಗವೆನಿಸೀತು. ಆಚೆಯ ದಡ ಮರಾಠರದು. ಆ ವರ್ಷದ ಜೂನಿನಲ್ಲಿ ಧೋಂಡಿಯ ವಾಘನನ್ನು ಬೆನ್ನಟ್ಟಿದ ಆರ್ಥರ್ ವೆಲ್ಲೆಸ್ಲಿಯ ಸೇನೆಯು ಹರಿಹರದಲ್ಲಿಯೇ ಹೊಳೆಯನ್ನು ದಾಟಿತು. ಸೇನೆಗೆ ದಾರಿ ತಿಳಿಯಬೇಕು. ಆದರೆ ನಂಬತಕ್ಕ ನಕ್ಷೆಯಿರಲಿಲ್ಲ. ಈ ಕೊರತೆಯನ್ನು ನೀಗಿದವರು ಕಾಲಿನ್ ಮೆಕೆಂಜಿಯವರು.

1754ರಲ್ಲಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಜನಿಸಿದ ಇವರು 1783ರಲ್ಲಿ ಮದರಾಸಿಗೆ ಬಂದು ಕಂಪನಿಯ ಇಂಜಿನಿಯರರಾದರು. ಶ್ರೀರಂಗಪಟ್ಟಣದ ಪತನಾನಂತರ ಮೈಸೂರು ಸೀಮೆಯ ಮೋಜಣಿ ಇವರ ಪಾಲಿಗೆ ಬಂದಿತು. ವಿಸ್ತೀರ್ಣ ಸುಮಾರು 40,000 ಚದರ ಮೈಲಿ. ಬಯಲಿನಲ್ಲಿ ಆಧಾರರೇಖೆಯನ್ನು ಸರಪಳಿಯಿಂದ ಅಳೆದು, ಗುಡ್ಡದ ನೆತ್ತಿಯಿಂದ ನೆತ್ತಿಗೆ ಕೋನಗಳನ್ನು ಹಿಡಿದು, ತ್ರಿಕೋನಗಳನ್ನು ಹೆಣೆಯುತ್ತ ಸಾಗಬೇಕು. ನಮ್ಮ ದಾವಣಗೆರೆಯ ಕಡೆಯ ಎರೆಬಯಲಿನಲ್ಲಿ ಇದು ಸುಲಭ. ಪಶ್ಚಿಮಘಟ್ಟದ ಕಣಿವೆದಾರಿಗಳಲ್ಲಿ ಹಾಗಲ್ಲ. ಅಲ್ಲಿ ಕಾಡು ನೋಟವನ್ನು ತಡೆಯುವುದು, ಮಂಜು ದಿನಗಟ್ಟಲೆ ಕಾಯಿಸುವುದು. ಜ್ವರಬಾಧೆಯಿಂದ ಮೆಕೆಂಜಿಯವರೂ ಬಹಳ ಬಳಲಿದರು. ಮೇಲಾಗಿ ಕಂಪನಿಯು ಮೋಜಣಿಯ ವೆಚ್ಚವನ್ನು ಕಡಿತಗೊಳಿಸಿತು. ಕಂದಾಯದ ಲೆಕ್ಕವೇ ಮುಖ್ಯವಾಗಿದ್ದ ಆ ವ್ಯಾಪಾರಿಗಳಿಂದ ಬೇರೇನನ್ನು ನಿರೀಕ್ಷಿಸೋಣ!

ಆದರೆ ಕೋನವನ್ನಳೆಯುವ ಯಂತ್ರವು ಊರಿನ ಹೆಸರನ್ನು ಹೇಳದು. ಮೆಕೆಂಜಿಯವರಿಗೆ ದೇಶಭಾಷೆಗಳು ಬಾರವು. ಶಾನುಭೋಗರ ಕಡತ, ಗೌಡರ ನೆನಪು, ದೇವಾಲಯದ ಶಾಸನ ಇವುಗಳ ಬಾಗಿಲನ್ನು ಅವರಿಗೆ ತೆರೆದವರು ಕಾವಲಿ ವೆಂಕಟ ಬೋರಯ್ಯನವರು. ಮೂವತ್ತು ತುಂಬುವ ಮೊದಲೇ, 1803ರಲ್ಲಿ, ಬೋರಯ್ಯನವರು ತೀರಿಕೊಂಡರು. ಅವರ ತಮ್ಮಂದಿರಾದ ಲಕ್ಷ್ಮಯ್ಯನವರು ಕೆಲಸವನ್ನು ಮುಂದುವರಿಸಿದರು. ಹಳಗನ್ನಡ ಶಾಸನಗಳನ್ನು ಓದಲು ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರು ನೆರವಾದರು. ನಕ್ಷೆಯ ಮೇಲೆ ಇವರ ಹೆಸರಿಲ್ಲದಿರುವುದು ನ್ಯಾಯವೆಂದು ನಮಗೆ ತೋರದು. 1816ರಲ್ಲಿ ಥಾಮಸ್ ಹಿಕಿ ಬರೆದ ಭಾವಚಿತ್ರದಲ್ಲಿ ಮಾತ್ರ ಮೆಕೆಂಜಿಯವರ ಸುತ್ತ ಮೂವರು ದೇಶೀಯ ಸಹಾಯಕರು ನಿಂತಿದ್ದಾರೆ.

ಚಿತ್ರದುರ್ಗದಲ್ಲಿ 1800ರಲ್ಲಿ ದೊರೆತ ವಿಜಯನಗರದ ತಾಮ್ರಶಾಸನ ಕೋಲ್‌ಬ್ರೂಕರ ಕೈಸೇರಿ ಇಂಗ್ಲಿಷಿಗೆ ಅನುವಾದಗೊಂಡುದೂ ಮೆಕೆಂಜಿಯವರಿಂದಲೇ. ದಾರಿಯನ್ನು ಅಳೆಯಹೊರಟವರು ಹೀಗೆ ಚರಿತ್ರೆಯನ್ನೂ ಹೊತ್ತು ತಂದರು. ವೀರಶೈವ ಪುರಾಣಗಳ ಪ್ರತಿಗಳೂ ಆ ಸಂಗ್ರಹದಲ್ಲಿ ಸೇರಿದುವು.

1815ರಲ್ಲಿ ಭಾರತದ ಸರ್ವೇಯರ್ ಜನರಲ್ ಆಗಿ, 1821ರ ಮೇ ತಿಂಗಳಲ್ಲಿ ಕಲ್ಕತ್ತೆಯ ಸಮೀಪ ಅವರು ನಿಧನರಾದರು. ಅವರ ಪತ್ನಿಯಿಂದ ಕಂಪನಿಯು ಒಂದು ಲಕ್ಷ ರೂಪಾಯಿಗೆ ಸಂಗ್ರಹವನ್ನು ಕೊಂಡಿತು. ಅದರೊಳಗಿನ ಕನ್ನಡ ಕೈಫಿಯತ್ತುಗಳು ಡಾ. ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಅಚ್ಚಾದುವು.