ಒಂದೇ ಎಂಜಿನ್, ನಾಲ್ಕು ದಶಕ: ಬರ್ಟ್ ಮನ್ರೋ ಅವರ ಬದುಕು

ಬೋಧನಾಭ್ಯಾಸದ ಅವಧಿಯಲ್ಲಿ ವಿಜ್ಞಾನಿಗಳ ಜೀವನಕಥೆಯನ್ನು ನಾವು ಸಾಮಾನ್ಯವಾಗಿ ಪೀಠಿಕೆಗೆ ಬಳಸುತ್ತೇವೆ. ಎರಡು ನಿಮಿಷ ಕಥೆ, ಕಷ್ಟಪಟ್ಟರೆ ಫಲವಿದೆ ಎಂಬ ನೀತಿ, ಆಮೇಲೆ ಪಾಠ. ಆದರೆ ಕೆಲವರ ಬದುಕನ್ನು ಹೇಳುತ್ತಾ ಹೋದರೆ ಅದರೊಳಗೇ ಪಾಠದ ವಿಷಯವಸ್ತು ಸಿಗುತ್ತದೆ. ನ್ಯೂಜಿಲೆಂಡಿನ ಬರ್ಟ್ ಮನ್ರೋ ಅಂಥವರು. ಅವರು ವಿಜ್ಞಾನಿಯಲ್ಲ, ಮೋಟರ್ ಸೈಕಲ್ ಮೆಕ್ಯಾನಿಕ್. ಅನಿಲದ ಒತ್ತಡ, ಉಷ್ಣ, ಲೋಹದ ಬಲ, ಸರಾಸರಿ ವೇಗ ಇವೆಲ್ಲವನ್ನೂ ಅವರ ಕಥೆಯ ಮೂಲಕವೇ ಕಲಿಸಬಹುದು.

ಹರ್ಬರ್ಟ್ ಜೇಮ್ಸ್ ಮನ್ರೋ ಹುಟ್ಟಿದ್ದು 1899ರ ಮಾರ್ಚ್ 25ರಂದು, ನ್ಯೂಜಿಲೆಂಡಿನ ದಕ್ಷಿಣ ತುದಿಯ ಇನ್ವರ್ಕಾರ್ಗಿಲ್ ಪಟ್ಟಣದಲ್ಲಿ. ಬೆಳೆದದ್ದು ಅದರ ಪೂರ್ವಕ್ಕಿರುವ ಈಡನ್‌ಡೇಲ್‌ನ ಹೊಲಮನೆಯಲ್ಲಿ. ಅವರ ಜೊತೆ ಹುಟ್ಟಿದ ಅವಳಿ ಸಹೋದರಿ ಉಳಿಯಲಿಲ್ಲ. ಈ ಮಗುವೂ ಎರಡು ವರ್ಷ ದಾಟುವುದು ಅನುಮಾನವೆಂದು ವೈದ್ಯರು ಹೇಳಿದ್ದರಂತೆ. ಹೊಲದ ಕುದುರೆಗಳಲ್ಲಿ ಅತಿ ವೇಗವಾಗಿ ಓಡುವುದನ್ನೇ ಆರಿಸಿ ಏರುತ್ತಿದ್ದ ಹುಡುಗನಿಗೆ ಮುಂದೆ ಮೋಟರ್ ಸೈಕಲ್ ಸಿಕ್ಕಿತು.

1920ರಲ್ಲಿ ಅವರು ಹೊಸ ಇಂಡಿಯನ್ ಸ್ಕೌಟ್ ಗಾಡಿಯೊಂದನ್ನು ಕೊಂಡರು. ಹೆಸರು ನೋಡಿ ಇದು ನಮ್ಮ ದೇಶದ ಗಾಡಿ ಎಂದು ಮಕ್ಕಳು ತಿಳಿಯಬಹುದು. ಇಂಡಿಯನ್ ಎಂಬುದು ಅಮೆರಿಕದ ಕಂಪನಿ. ಎರಡು ಸಿಲಿಂಡರಿನ ಸುಮಾರು 600 ಸಿಸಿ ಎಂಜಿನ್ನಿನ ಈ ಗಾಡಿಯ ಗರಿಷ್ಠ ವೇಗ ಗಂಟೆಗೆ ಸುಮಾರು 89 ಕಿಲೋಮೀಟರ್. 1926ರಲ್ಲಿ ಮನ್ರೋ ಅದನ್ನು ಮಾರ್ಪಡಿಸತೊಡಗಿದರು. ಆರ್ಥಿಕ ಕುಸಿತದ ಕಾಲದಲ್ಲಿ ಹೊಟ್ಟೆಪಾಡಿಗೆ ಮೋಟರ್ ಸೈಕಲ್ ಮಾರಾಟ ಮತ್ತು ರಿಪೇರಿ ಕೆಲಸ ಹಿಡಿದರು. ರಾತ್ರಿಯಿಡೀ ಸ್ವಂತ ಗಾಡಿಯ ಮುಂದೆ ಕುಳಿತು, ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಿದ್ದರು.

ಅವರು ಎದುರಿಸಿದ ಸಮಸ್ಯೆಯನ್ನು ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. ಪಿಸ್ಟನ್ ಕೆಳಗಿದ್ದಾಗ ಸಿಲಿಂಡರಿನಲ್ಲಿರುವ ಒಟ್ಟು ಜಾಗಕ್ಕೂ, ಅದು ಮೇಲೆ ಬಂದಾಗ ಉಳಿಯುವ ಜಾಗಕ್ಕೂ ಇರುವ ಅನುಪಾತವೇ ಸಂಪೀಡನ ಅನುಪಾತ. ಗ್ಯಾರೇಜಿನವರು ಇದನ್ನು ಕಂಪ್ರೆಷನ್ ಎನ್ನುತ್ತಾರೆ. ಪಿಸ್ಟನ್ ಚಲಿಸುವ ಜಾಗ 300 ಸಿಸಿ, ಮೇಲೆ ಉಳಿಯುವ ದಹನ ಕೋಣೆ 60 ಸಿಸಿ ಎಂದುಕೊಳ್ಳೋಣ. ಒಟ್ಟು 360, ಅನುಪಾತ 6. ಕೋಣೆಯನ್ನು 30 ಸಿಸಿಗೆ ಇಳಿಸಿದರೆ ಒಟ್ಟು 330, ಅನುಪಾತ 11. ಆದರ್ಶ ಆಟೋ ಚಕ್ರದ ಸೂತ್ರದಂತೆ ದಕ್ಷತೆ ಸುಮಾರು ಶೇ. 51ರಿಂದ ಶೇ. 62ಕ್ಕೆ ಏರುತ್ತದೆ. ನಿಜವಾದ ಎಂಜಿನ್ನಿನಲ್ಲಿ ಇಷ್ಟು ದಕ್ಷತೆ ಸಿಗುವುದಿಲ್ಲ. ಆದರೂ ಅದೇ ಇಂಧನದಿಂದ ಹೆಚ್ಚು ಕೆಲಸ ಸಿಗುತ್ತದೆ ಎಂಬುದು ನಿಜ. ಇವು ತರಗತಿಯ ಲೆಕ್ಕಕ್ಕೆ ಇಟ್ಟುಕೊಂಡ ಅಂಕಿಗಳು, ಸ್ಕೌಟ್‌ನ ಅಳತೆಗಳಲ್ಲ.

ಸ್ಕೌಟ್‌ನ ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿದ್ದವು. ಹಾಗಾಗಿ ದಹನ ಕೋಣೆ ಪಿಸ್ಟನ್ನಿನ ಮೇಲಷ್ಟೇ ಅಲ್ಲದೆ ವಾಲ್ವ್‌ಗಳ ಮೇಲಕ್ಕೂ ಚಾಚಿಕೊಂಡಿರಬೇಕು. ಅದನ್ನು ಬಹಳ ಕಿರಿದು ಮಾಡಿದರೆ ಅನಿಲ ಹರಿಯುವ ದಾರಿಯೇ ಕಟ್ಟಿಕೊಳ್ಳುತ್ತದೆ. ಮನ್ರೋ ವಾಲ್ವ್‌ಗಳನ್ನು ಪಿಸ್ಟನ್ನಿನ ನೆತ್ತಿಯ ಮೇಲೆ ಬರುವಂತೆ ಎಂಜಿನ್ನಿನ ರಚನೆಯನ್ನೇ ಬದಲಿಸಿದರು. ಇಂಥ ರಚನೆಯಲ್ಲಿ ಕೋಣೆಯನ್ನು ಕಿರಿದಾಗಿಸಬಹುದು, ಗಾಳಿಯೂ ಸರಾಗವಾಗಿ ಒಳಬರುತ್ತದೆ.

ಆದರೆ ಕಂಪ್ರೆಷನ್ ಏರಿಸಿದರೆ ಬೇರೆ ತೊಂದರೆಗಳು ಎದುರಾಗುತ್ತವೆ. ಒತ್ತಡ ಮತ್ತು ಉಷ್ಣ ಅತಿಯಾದಾಗ ಇಂಧನದ ಒಂದು ಭಾಗ ಜ್ವಾಲೆ ತಲುಪುವ ಮೊದಲೇ ತಾನಾಗಿ ಹೊತ್ತಿಕೊಳ್ಳುತ್ತದೆ. ಇದೇ ನಾಕಿಂಗ್. ಅದು ಮುಂದುವರಿದರೆ ಪಿಸ್ಟನ್ ಹಾಳಾಗುತ್ತದೆ. ಗಟ್ಟಿ ಪಿಸ್ಟನ್ ಹಾಕಿದರೆ ಹೊರೆ ಕನೆಕ್ಟಿಂಗ್ ರಾಡಿನ ಮೇಲೆ ಬೀಳುತ್ತದೆ, ಅದನ್ನು ಬಲಪಡಿಸಿದರೆ ಬೇರಿಂಗು ಸೋಲುತ್ತದೆ. ಒಂದು ಭಾಗವನ್ನು ಸರಿಪಡಿಸಿದಾಗಲೆಲ್ಲ ಅದರ ಪಕ್ಕದ ದುರ್ಬಲ ಭಾಗ ಯಾವುದೆಂದು ತಿಳಿಯುತ್ತದೆ. ಮನ್ರೋ ಅವರ ನಾಲ್ಕು ದಶಕಗಳು ಹೀಗೆ ಒಂದಾದ ಮೇಲೊಂದು ಭಾಗವನ್ನು ಪರೀಕ್ಷಿಸುವುದರಲ್ಲಿ ಕಳೆದವು.

ಈ ಭಾಗಗಳನ್ನು ಕೊಳ್ಳಲು ಅವರ ಬಳಿ ಹಣವಿರಲಿಲ್ಲ. ಹಳೆಯ ಡಬ್ಬಿಗಳನ್ನೇ ಅಚ್ಚಾಗಿಸಿ ಲೋಹ ಕರಗಿಸಿ ಹೊಯ್ದರು. ಪಿಸ್ಟನ್, ಸಿಲಿಂಡರ್, ಫ್ಲೈವೀಲ್ ಎಲ್ಲವೂ ಕೈಯಿಂದಲೇ ಆದವು. ಟ್ರ್ಯಾಕ್ಟರಿನ ಆಕ್ಸಲ್ ಉಕ್ಕನ್ನು ಕಡಿದು, ಅರದಿಂದ ಉಜ್ಜಿ, ಹದ ಹಾಕಿ ಕನೆಕ್ಟಿಂಗ್ ರಾಡುಗಳನ್ನು ಮಾಡಿದರು. ಮೈಕ್ರೋಮೀಟರಿನ ಬದಲು ಚಕ್ರದ ಹಳೆಯ ಕಡ್ಡಿಯೊಂದನ್ನು ಅಳತೆಗೋಲಾಗಿ ಬಳಸಿದರು. ಮುರಿದ, ಕರಗಿದ ಭಾಗಗಳನ್ನು ಎಸೆಯಲಿಲ್ಲ. ಅವನ್ನು ಶೆಲ್ಫಿನಲ್ಲಿ ಸಾಲಾಗಿ ಜೋಡಿಸಿ, ವೇಗದ ದೇವರಿಗೆ ಸಲ್ಲಿಸಿದ ಕಾಣಿಕೆಗಳು ಎಂಬರ್ಥದ ಬರಹವನ್ನು ಅಲ್ಲಿ ಬರೆದಿಟ್ಟರು.

1938ರಲ್ಲಿ ಅವರು ತಮ್ಮ ದೇಶದ ಮೊದಲ ವೇಗದಾಖಲೆ ಸ್ಥಾಪಿಸಿದರು. ಈ ಗೀಳಿಗೆ ಸಂಸಾರವೂ ಬೆಲೆ ತೆತ್ತಿತು. 1940ರ ದಶಕದ ಕೊನೆಯಲ್ಲಿ ದಾಂಪತ್ಯ ಮುರಿಯಿತು. ನೌಕರಿ ಬಿಟ್ಟು ಗ್ಯಾರೇಜಿನಲ್ಲೇ ವಾಸಿಸತೊಡಗಿದರು. ಮಕ್ಕಳಿಗೆ ಕಥೆ ಹೇಳುವಾಗ ಈ ಭಾಗವನ್ನು ನಾವು ಬಿಡಬಾರದು.

ಅಮೆರಿಕದ ಯೂಟಾ ರಾಜ್ಯದ ಬಾನ್‌ವಿಲ್ ಉಪ್ಪಿನ ಬಯಲು ವೇಗದಾಖಲೆಗಳ ಜಾಗ. ಉದ್ದನೆಯ ಕವಚ ಹೊದಿಸಿದ ಸ್ಕೌಟ್ ಗಾಡಿಯನ್ನು ಮನ್ರೋ ಅಲ್ಲಿಗೆ ಒಯ್ದರು. 1962ರಲ್ಲಿ 850 ಸಿಸಿಗೆ ಹಿಗ್ಗಿಸಿದ ಎಂಜಿನ್ನಿನಲ್ಲಿ ಗಂಟೆಗೆ 288 ಕಿಲೋಮೀಟರ್ ವೇಗದ ದಾಖಲೆ ಮಾಡಿದರು. 1967ರಲ್ಲಿ, 68ನೆಯ ವಯಸ್ಸಿನಲ್ಲಿ, 950 ಸಿಸಿ ಎಂಜಿನ್ನಿನಿಂದ 1000 ಸಿಸಿ ಒಳಗಿನ ವರ್ಗದಲ್ಲಿ 295.453 ಕಿಲೋಮೀಟರಿನ ದಾಖಲೆ ಬಂತು. ಅಷ್ಟರಲ್ಲಿ ಗಾಡಿಗೂ 47 ವರ್ಷ ತುಂಬಿತ್ತು, ಅವರಿಗೆ ಹೃದಯದ ತೊಂದರೆಯೂ ಇತ್ತು. 1977ರಲ್ಲಿ ಪಾರ್ಶ್ವವಾಯು ತಗುಲಿದ ಮೇಲೆ, ಗಾಡಿಗಳು ಊರಲ್ಲೇ ಉಳಿಯಲೆಂದು ಸ್ಥಳೀಯ ವ್ಯಾಪಾರಿಯೊಬ್ಬರಿಗೆ ಮಾರಿದರು. 1978ರ ಜನವರಿ 6ರಂದು ತೀರಿಕೊಂಡರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1967ರ ದಾಖಲೆಯ ಲೆಕ್ಕದಲ್ಲಿ ತಪ್ಪಿರುವುದನ್ನು ಅವರ ಮಗ ಜಾನ್ ಗಮನಿಸಿದರು. 2014ರಲ್ಲಿ ದಾಖಲೆಯನ್ನು ಗಂಟೆಗೆ 296.2593 ಕಿಲೋಮೀಟರ್ ಎಂದು ತಿದ್ದಲಾಯಿತು. ದಾಖಲೆಗಾಗಿ ಎರಡು ದಿಕ್ಕುಗಳಲ್ಲಿ ಓಡಿ ಸರಾಸರಿ ತೆಗೆಯುವುದೇಕೆ, ಸರಾಸರಿ ವೇಗವನ್ನು ಹೇಗೆ ಲೆಕ್ಕ ಹಾಕಬೇಕು ಎಂದು ಮಕ್ಕಳನ್ನು ಕೇಳಲು ಇದು ಒಳ್ಳೆಯ ಸಂದರ್ಭ.

ತರಗತಿಗೆ ಎರಡು ಚಟುವಟಿಕೆಗಳನ್ನು ಸೂಚಿಸುತ್ತೇನೆ. ಒಂದು, ಸೂಜಿಯಿಲ್ಲದ 20 ಎಂಎಲ್ ಸಿರಿಂಜಿನಲ್ಲಿ ಗಾಳಿ ತುಂಬಿ, ತುದಿಯನ್ನು ಬೆರಳಿನಿಂದ ಮುಚ್ಚಿ, ದಂಡವನ್ನು ಒತ್ತುವುದು. 10 ಎಂಎಲ್‌ವರೆಗೆ ಒತ್ತಿದಾಗಿನ ಶ್ರಮ, 5 ಎಂಎಲ್‌ನತ್ತ ಒತ್ತಿದಾಗಿನ ಶ್ರಮ ಇವುಗಳ ವ್ಯತ್ಯಾಸ ಮಗುವಿನ ಕೈಗೇ ತಿಳಿಯುತ್ತದೆ. ಎರಡು, ಸೈಕಲ್ ಪಂಪಿನಿಂದ ಗಾಳಿ ಹೊಡೆದು ಅದರ ಕೆಳತುದಿಯನ್ನು ಮುಟ್ಟಿ ನೋಡುವುದು. ಅದು ಬಿಸಿಯಾಗುವುದೇಕೆ ಎಂಬ ಚರ್ಚೆಯಿಂದ ನಾಕಿಂಗ್ ವಿಷಯಕ್ಕೆ ಹೋಗಬಹುದು.

ಒಂದು ಎಚ್ಚರಿಕೆಯೂ ಬೇಕು. ಪ್ರೌಢಶಾಲೆಯ ಹುಡುಗರಿಗೆ ಬೈಕಿನ ಹುಚ್ಚು ಹೆಚ್ಚು. ಮನ್ರೋ ಈ ದಾಖಲೆಗಳನ್ನು ಮಾಡಿದ್ದು ಖಾಲಿ ಉಪ್ಪಿನ ಬಯಲಿನಲ್ಲಿ, ಊರಿನ ರಸ್ತೆಯಲ್ಲಲ್ಲ. ನಮ್ಮಲ್ಲಿ ನೋಂದಣಿಯಾದ ವಾಹನವನ್ನು ಮನಬಂದಂತೆ ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ ತಡೆಯಿದೆ. ಇದನ್ನು ಪಾಠದ ಅಂಗವಾಗಿಯೇ ಹೇಳಬೇಕು.

ಮೌಲ್ಯಮಾಪನಕ್ಕೆ ಮನ್ರೋ ಹುಟ್ಟಿದ ಊರು, ವರ್ಷ ಕೇಳುವುದರಿಂದ ಪ್ರಯೋಜನ ಕಡಿಮೆ. ಪಿಸ್ಟನ್ ಗಟ್ಟಿಯಾದ ಮೇಲೆ ಮುಂದೆ ಯಾವ ಭಾಗ ಮುರಿಯಬಹುದು, ಏಕೆ ಎಂದು ಕೇಳಿದರೆ ಉತ್ತರಗಳು ಬೇರೆಬೇರೆಯಾಗಿ ಬರುತ್ತವೆ. ತಪ್ಪು ಉತ್ತರಗಳನ್ನೂ ಕಪ್ಪು ಹಲಗೆಯ ಒಂದು ಬದಿಯಲ್ಲಿ ಪಾಠ ಮುಗಿಯುವವರೆಗೆ ಅಳಿಸದೆ ಇಟ್ಟರೆ, ಅದು ಎಲ್ಲಿ ಮುರಿಯಿತು ಎಂದು ತರಗತಿಯೇ ಹುಡುಕಬಹುದು.